ಐತವಾರದ ರೊಟ್ಟಿ ಪಾಳಿ

ಭಾನುವಾರ ಎಂಟೂ ಹತ್ತರ ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ಸಿಕ್ಕಿದರೂ ಅನೀಲಕುಮಾರನಿಗೆ ಕೂತಂತೆ ಅನ್ನಿಸಲಿಲ್ಲ. ತೊಡೆಯ ಮೇಲೆ ಡಬ್ಬಿಯ ಚೀಲ ಬಿಸಿಯಾಗಿತ್ತು. ಒಳಗೆ ಹತ್ತು ರೊಟ್ಟಿ. ದಿನಾ ಎಂಟು ಕಟ್ಟುವ ವಿದ್ಯಾವತಿ, ಇವತ್ತು ರಜೆಯಾದರೂ ಎಲ್ಲರೂ ಬಂದಿರುತ್ತಾರೆ, ಫೋಟೊ ಬೇರೆ ತೆಗೆಯುತ್ತಾರಂತೆ ಎಂದು ಎರಡು ಹೆಚ್ಚಿಗೆ ಬಡಿದಿದ್ದಳು. ಜೊತೆಗೆ ಎಣ್ಣೆಗಾಯಿ, ಶೇಂಗಾ ಕುಟ್ಟಿದ ಖಾರದ ಹಿಂಡಿ, ಹೆಚ್ಚಿದ ಸೌತೆಕಾಯಿ. "ಕಲ್ಮೇಶ ಸರ್‌ಗೆ ನಮ್ಮ ಹಿಂಡಿ ಭಾಳ ಸೇರ್ತೈತಿ ಅಂದಿದ್ರೆಲ್ಲ, ಒಂದು ಮುಟಿಗಿ ಹೆಚ್ಚಿಗಿ ಹಾಕೇನಿ" ಎಂದು ಬಾಗಿಲಲ್ಲಿ ನಿಂತು ಹೇಳಿದ್ದಳು. ಅವನು ಹೂಂ ಅಂದಿದ್ದ. ನಾಲ್ಕು ವರ್ಷದಿಂದ ಹೂಂ ಅನ್ನುತ್ತಲೇ ಬಂದಿದ್ದ. ಸಹೋದ್ಯೋಗಿ ಕಲ್ಮೇಶ ಆ ಹಿಂಡಿಯನ್ನು ಈ ನಾಲ್ಕು ವರ್ಷದಲ್ಲಿ ಬೆರಳ ತುದಿಯಿಂದಲೂ ಮುಟ್ಟಿರಲಿಲ್ಲ.

ಮೊದಲ ದಿನ ಅವನಿಗೆ ಗೊತ್ತೇ ಆಗಿರಲಿಲ್ಲ. ಮುದ್ದೇಬಿಹಾಳದ ಹೊರಗೆ ಕರಿನೆಲದ ನಡುವೆ ಎದ್ದು ನಿಂತ ವಿಶ್ವವಿದ್ಯಾಲಯದ ಆ ಸ್ನಾತಕೋತ್ತರ ಕೇಂದ್ರಕ್ಕೆ ಸಮಾಜಶಾಸ್ತ್ರ ಕಲಿಸಲು ಬಂದು ಸೇರಿದ ದಿನ ಅದು. ಒಂದು ಗಂಟೆಗೆ ಸ್ಟಾಫ್ ರೂಮಿನ ಉದ್ದ ಮೇಜಿನ ಮೇಲೆ ಹಳೆಯ ಪೇಪರ್ ಹಾಸಿ, ಎಂಟು ಜನ ತಮ್ಮ ತಮ್ಮ ಡಬ್ಬಿ ಬಿಚ್ಚಿ ನಡುವೆ ಇಟ್ಟರು. ಇವನೂ ಇಟ್ಟ. ಇಂಡಿ ಊರಿನವರ ಡಬ್ಬಿಯಲ್ಲಿ ನಿಂಬೆ ಉಪ್ಪಿನಕಾಯಿ, ಸಿಂದಗಿಯವರದರಲ್ಲಿ ಪುಂಡಿಪಲ್ಯ, ಎಲ್ಲರ ಕೈ ಎಲ್ಲರ ಡಬ್ಬಿಗೆ ಹೋಗುತ್ತಿತ್ತು, ಮಾತು, ನಗು, ಖಾರಕ್ಕೆ ಸೊರ್ ಎನ್ನುವ ಮೂಗು. ಇವನ ಡಬ್ಬಿಯ ಹತ್ತಿರ ಬಂದ ಕೈಗಳು ಮಾತ್ರ ಅದನ್ನು ದಾಟಿಕೊಂಡು ಮುಂದಿನದಕ್ಕೆ ಹೋದವು. ಮರುದಿನವೂ ಹಾಗೆ. ವಾರ ಕಳೆದರೂ ಹಾಗೆ. ಯಾರೂ ಒಂದು ಮಾತು ಅನ್ನಲಿಲ್ಲ, ಮುಖ ಸಿಂಡರಿಸಲಿಲ್ಲ, ಎಂಥ ಸಭ್ಯ ಜನ ಅಂತೀರಿ. ಉಲ್ಟಾ, "ತಗೋರಿ ಅನೀಲ ಸರ್, ನಾಚ್ಕೋಬ್ಯಾಡ್ರಿ" ಎಂದು ಕಲ್ಮೇಶ ಚಮಚ ತುಂಬ ಪಲ್ಯ ಎತ್ತಿ, ಇವನ ಡಬ್ಬಿಯ ಮುಚ್ಚಳಕ್ಕೆ ತಾಗದ ಹಾಗೆ ಒಂದು ಗೇಣು ಮೇಲಿನಿಂದ ಬಿಡುತ್ತಿದ್ದ. ಬಿದ್ದದ್ದನ್ನು ಇವನು ತಿನ್ನುತ್ತಿದ್ದ. ಹೂವಿನ ಹಿಪ್ಪರಗಿಯ ದಲಿತರ ಕೇರಿಯಲ್ಲಿ ಅವ್ವ ಹೊನ್ನವ್ವ ಕಳೆ ತೆಗೆದು ಬರುವಾಗ ಸೆರಗು ಒಡ್ಡಿ ನಿಲ್ಲುತ್ತಿದ್ದಳು, ಕಟ್ಟೆಯ ಮೇಲಿನಿಂದ ಗೌಡತಿ ರೊಟ್ಟಿ ಬಿಡುತ್ತಿದ್ದಳು, ರೊಟ್ಟಿ ಬೀಳುವ ಸದ್ದಿಗೆ ಸೆರಗು ಜಗ್ಗುತ್ತಿತ್ತು. ಅದನ್ನು ನೋಡಿ ಬೆಳೆದವನು, ಅದರ ಮೇಲೆಯೇ ಪ್ರಬಂಧ ಬರೆದು ಪಿಎಚ್.ಡಿ. ಮಾಡಿದವನು, ಪಲ್ಯ ಎಷ್ಟು ಎತ್ತರದಿಂದ ಬೀಳುತ್ತಿದೆ ಎಂದು ಅಳೆಯುತ್ತ ಕೂತಿರುತ್ತಿದ್ದ, ಬಾಯಲ್ಲಿ ಮಾತ್ರ ಪಲ್ಯದ ರುಚಿ ಹೊಗಳುತ್ತಿದ್ದ.

ದಿನದ ಎಂಟು ರೊಟ್ಟಿಯಲ್ಲಿ ತಾನು ತಿನ್ನುವುದು ನಾಲ್ಕು. ಉಳಿದ ನಾಲ್ಕನ್ನು ಚೆಲ್ಲುವುದು ಅವನಿಂದ ಆಗದ ಕೆಲಸ. ಹೊನ್ನವ್ವನ ಮಗ ರೊಟ್ಟಿ ಚೆಲ್ಲುವುದುಂಟೇ. ವಾಪಸು ಒಯ್ದರೆ ವಿದ್ಯಾವತಿ ಕೇಳುತ್ತಾಳೆ. ಅದಕ್ಕೇ ಸಂಜೆಯ ಬಸ್ಸಿನಲ್ಲಿ, ಮುದ್ದೇಬಿಹಾಳ ಬಿಟ್ಟ ಮೇಲೆ ಕಿಟಕಿ ಕಡೆ ಮುಖ ಮಾಡಿ, ಒಣ ರೊಟ್ಟಿ ಮುರಿದು ಮುರಿದು ಬಾಯಿಗೆ ಹಾಕಿಕೊಳ್ಳುತ್ತಿದ್ದ. ಹಿಪ್ಪರಗಿ ಬರುವಷ್ಟರಲ್ಲಿ ಡಬ್ಬಿ ಖಾಲಿಯಾಗಬೇಕು. ಗಂಟಲು ಕಟ್ಟುತ್ತಿತ್ತು, ನೀರು ಕುಡಿದು ನೂಕುತ್ತಿದ್ದ. ಮನೆಯಲ್ಲಿ ಖಾಲಿ ಡಬ್ಬಿ ನೋಡಿ ವಿದ್ಯಾವತಿಯ ಮುಖ ಅರಳುತ್ತಿತ್ತು. "ಯಾರ್ಯಾರು ತಿಂದ್ರು" ಎಂದು ಕೇಳುತ್ತಿದ್ದಳು, ಅವನು ಹೆಸರು ಹೇಳುತ್ತಿದ್ದ, ಒಂದೊಂದು ದಿನ ಒಬ್ಬೊಬ್ಬರ ಹೆಸರು, ಏನು ಹೊಗಳಿದರು ಎಂಬುದನ್ನೂ ಸೇರಿಸಿ. ನಾಲ್ಕು ವರ್ಷದಲ್ಲಿ ಹೊಟ್ಟೆ ಮುಂದೆ ಬಂದಿತ್ತು. "ಅನೀಲ ಸರ್‌ಗೆ ಪಗಾರ ಮೈಗೆ ಹತ್ತೇತಿ ನೋಡ್ರಿ" ಎಂದು ಕಲ್ಮೇಶ ಹೊಟ್ಟೆ ತೋರಿಸಿ ನಕ್ಕಾಗ ಇವನೂ ನಕ್ಕಿದ್ದ. ಆ ಹೊಟ್ಟೆ ಅವರೆಲ್ಲರ ಪಾಲಿನದು, ಅವರು ತಿನ್ನದೆ ಬಿಟ್ಟದ್ದು ತನ್ನ ಮೈಯಲ್ಲಿ ಬಂದು ಕೂತಿದೆ ಎಂದು ನೆನಪಾದರೆ ಬಸ್ಸಿನಲ್ಲೇ ಅಂಗಿಯ ಗುಂಡಿ ಕಿತ್ತೆಸೆಯಬೇಕು ಅನ್ನಿಸುತ್ತಿತ್ತು.

ಇವತ್ತು ಡಬ್ಬಿಯ ಚೀಲದ ಕೆಳಗೆ ಇನ್ನೊಂದು ಚೀಲವಿತ್ತು. ಅದರಲ್ಲಿ ಹಸಿರು ರೆಕ್ಸಿನ್ ಹೊದಿಕೆಯ ಒಂದು ದಪ್ಪ ರಿಜಿಸ್ಟರು: ಸಮಾನ ಅವಕಾಶ ಮತ್ತು ಒಳಗೊಳ್ಳುವಿಕೆ ಕೋಶ, ದೂರು ನೋಂದಣಿ ಪುಸ್ತಕ. ಆ ಕೋಶಕ್ಕೆ ಅನೀಲಕುಮಾರನೇ ಸಂಯೋಜಕ. ಸೇರಿದ ಮೂರನೆಯ ದಿನವೇ ಆದೇಶ ಬಂದಿತ್ತು, ಇನ್ಯಾರಿಗೆ ಬರಬೇಕು ಅದು. ಪುಸ್ತಕ ಬಿಚ್ಚಿದರೆ ಕೋಷ್ಟಕಗಳು: ಕ್ರಮ ಸಂಖ್ಯೆ, ದೂರುದಾರರು, ಘಟನೆಯ ದಿನಾಂಕ, ವಿವರ, ಸಾಕ್ಷಿ. ಪ್ರತಿ ವರ್ಷದ ಹಾಳೆಯಲ್ಲೂ ಅಡ್ಡಲಾಗಿ ಒಂದು ಗೆರೆ, ಗೆರೆಯ ಮೇಲೆ 'ಯಾವುದೂ ಇಲ್ಲ' ಎಂಬ ಅವನದೇ ಅಕ್ಷರ. ನಾಳೆ ಸೋಮವಾರ ಮೌಲ್ಯಮಾಪನ ಸಮಿತಿ ಬರುತ್ತದೆ. ಅದಕ್ಕೆಂದೇ ಶುಕ್ರವಾರ ಡೈರೆಕ್ಟರ್ ಸಾಹೇಬರು ಇವನನ್ನು ತಮ್ಮ ಕೋಣೆಗೆ ಕರೆಸಿ, ಚಹಾ ತರಿಸಿ, ಪಿಂಗಾಣಿ ಕಪ್ಪಿನಲ್ಲಿ, ತಾವು ಕುಡಿಯುವಂಥದೇ ಕಪ್ಪಿನಲ್ಲಿ, "ನೀವು ನಮ್ಮವರು ಅನೀಲ, ನಿಮ್ಮ ಮ್ಯಾಲೆ ನನಗ ಪೂರಾ ಭರೋಸಾ ಐತಿ" ಎಂದು ಒಂದು ಹಾಳೆ ಮುಂದೆ ಸರಿಸಿದ್ದರು. 'ಈ ಸಾಲಿನಲ್ಲಿ ತಾರತಮ್ಯಕ್ಕೆ ಸಂಬಂಧಿಸಿದ ಯಾವುದೇ ದೂರು ಬಂದಿರುವುದಿಲ್ಲ.' ಚಹಾ ಬಿಸಿಯಿತ್ತು. ನಮ್ಮವರು ಎಂಬ ಮಾತು ಅದಕ್ಕಿಂತ ಬಿಸಿಯಿತ್ತು. ಅವನು ಸಹಿ ಮಾಡಿದ. ಆಗ ಅವನ ಅಂಗಿಯ ಜೇಬಿನಲ್ಲಿ, ನಾಲ್ಕು ಮಡಿಕೆ ಮಾಡಿದ ಸಂಘಮಿತ್ರಾಳ ಅರ್ಜಿ ಇತ್ತು. ಮೂರು ವಾರದಿಂದ ಇತ್ತು. ಅಂಗಿ ಬದಲಾದ ಹಾಗೆ ಅದೂ ಜೇಬಿನಿಂದ ಜೇಬಿಗೆ ಬದಲಾಗುತ್ತ ಬಂದಿತ್ತು.

ಸಂಘಮಿತ್ರಾ ಇಂಡಿಯ ಕಡೆಯವಳು, ಎಂ.ಎ. ಮೊದಲ ವರ್ಷ. ಅವಳ ಅಪ್ಪ ನಿಂಬೆಯ ತೋಟದಲ್ಲಿ ಕೂಲಿ, ಮಗಳಿಗೆ ಈ ಬೌದ್ಧ ಹೆಸರಿಡುವಾಗ ಮಾತ್ರ ಯಾರ ಅಪ್ಪಣೆಯನ್ನೂ ಕೇಳಿರಲಿಲ್ಲ. ಕೇಂದ್ರದ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಭಾನುವಾರ ಅಡುಗೆಯ ಸಾವಂತ್ರವ್ವನಿಗೆ ರಜೆ. ಅಂದು ಹುಡುಗಿಯರೇ ನಾಲ್ಕು ನಾಲ್ಕು ಜನ ಪಾಳಿ ಹಚ್ಚಿಕೊಂಡು ರೊಟ್ಟಿ ಬಡಿಯುತ್ತಾರೆ. ಹಾಸ್ಟೆಲಿನ ದೊಡ್ಡ ಸಡಗರ ಅದು. ಯಾರ ರೊಟ್ಟಿ ತೆಳ್ಳಗೆ, ಯಾರದು ಉಬ್ಬಿತು, ಯಾರದು ಸುಟ್ಟಿತು ಎಂದು ವಾರವೆಲ್ಲ ಮಾತು. ಸಂಘಮಿತ್ರಾಳ ಪಾಳಿ ಮೊದಲ ಸಲ ಬಂದ ಭಾನುವಾರ, ರೊಟ್ಟಿ ಬಾಯಿಗೆ ಹೋಗುವ ಮೊದಲೇ ಇಪ್ಪತ್ತೆರಡು ಹುಡುಗಿಯರಿಗೆ ಒಮ್ಮೆಲೇ ಹೊಟ್ಟೆ ಕೆಟ್ಟಿತು. ಯಾರೂ ಜಗಳವಾಡಲಿಲ್ಲ. ಬನ್ನು ತರಿಸಿಕೊಂಡು ರೂಮಿನಲ್ಲಿ ತಿಂದರು. ಅವಳು ಬಡಿದ ರೊಟ್ಟಿ ಬುಟ್ಟಿಯಲ್ಲಿ ಸಂಜೆಯವರೆಗೆ ಹಾಗೇ ಇತ್ತು. ಮುಂದಿನ ಸಲ ಪಾಳಿಯ ಬೋರ್ಡಿನಲ್ಲಿ ಅವಳ ಹೆಸರೇ ಇರಲಿಲ್ಲ. ವಾರ್ಡನ್ ಇಂದ್ರಾಬಾಯಿ ಅವಳ ಬೆನ್ನು ಸವರಿ, "ನೀ ಶಾಣ್ಯಾಕಿ ಅದಿ, ನಿನಗ ಈ ಕೆಲಸ ಬಿಡಿಸೇನಿ, ಓದ್ಕೊ" ಅಂದಿದ್ದಳಂತೆ. ಹುಡುಗಿ ಬಂದು ಇವನೆದುರು ಅರ್ಜಿ ಹಿಡಿದಳು. ಅದರಲ್ಲಿ ಯಾರ ಮೇಲೂ ಆರೋಪವಿರಲಿಲ್ಲ. 'ಭಾನುವಾರದ ರೊಟ್ಟಿ ಪಾಳಿಯಲ್ಲಿ ನನ್ನ ಹೆಸರನ್ನು ಮೊದಲಿನಂತೆ ಬರೆಯಬೇಕೆಂದು ಕೋರುತ್ತೇನೆ.' ಅಷ್ಟೇ.

ಆಗ ಅವನು ಏನಂದ? ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. "ಅಡಗಿ ಮಾಡೂದು ತಪ್ಪಿತು ಅಂತ ಯಾರರ ದೂರು ಕೊಡ್ತಾರೇನವಾ?" ಎಂದು ನಕ್ಕಿದ್ದ. ಕಲ್ಮೇಶ ನಗುವ ಹಾಗೆಯೇ. ಹುಡುಗಿ ನಗಲಿಲ್ಲ. ಅವನ ಮುಖ ನೋಡಿದಳು, ಆಮೇಲೆ ಮೇಜಿನ ಕೆಳಗಿದ್ದ ಡಬ್ಬಿಯ ಚೀಲ ನೋಡಿದಳು, ಅರ್ಜಿಯನ್ನು ಮೇಜಿನ ಮೇಲೆ ಬಿಟ್ಟು ಹೋದಳು. ಅವಳಿಗೆ ಡಬ್ಬಿಯ ವಿಷಯ ಗೊತ್ತಿರಲು ಸಾಧ್ಯವೇ ಇಲ್ಲ, ಸುಮ್ಮನೆ ಕಣ್ಣು ಅತ್ತ ಹೋಗಿರಬೇಕು ಎಂದು ಅವನು ಮೂರು ವಾರದಿಂದ ತನಗೆ ತಾನೇ ಹೇಳಿಕೊಳ್ಳುತ್ತಿದ್ದ.

ಬಸ್ಸು ಇಳಿದು ಆಟೊ ಹಿಡಿದು ಬಂದರೆ ಗೇಟಿನಲ್ಲೇ ಅವಳು ನಿಂತಿದ್ದಳು. ಗೇಟಿಗೆ ಹೊಸ ಬ್ಯಾನರು ಕಟ್ಟಿದ್ದರು: ವೈವಿಧ್ಯವೇ ನಮ್ಮ ಬಲ. ಅದರ ಕೆಳಗೆ ಗಾಲಿಕುರ್ಚಿಯವರಿಗೆಂದು ಕಟ್ಟಿದ ಇಳಿಜಾರಿಗೆ ಹಳದಿ ಬಣ್ಣ ಬಳಿದಿದ್ದರು. ಇಳಿಜಾರು ಮೇಲೇರಿ ಮುಟ್ಟುವ ಬಾಗಿಲಿಗೆ ಅಡ್ಡವಾಗಿ ಹೂವಿನ ಕುಂಡ ಜೋಡಿಸಿದ್ದರು, ಸಮಿತಿಯವರ ಕಣ್ಣಿಗೆ ಚೆನ್ನಾಗಿ ಕಾಣಲಿ ಎಂದು. ಕುಂಡ ದಾಟಿ ಒಳಗೆ ಹೋಗಲು ಕಾಲು ಬೇಕು.

"ಸರ್, ಬೋರ್ಡ್ ನೋಡೀನ್ರಿ. ಇವತ್ತೂ ನನ್ನ ಹೆಸರಿಲ್ಲ" ಅಂದಳು ಸಂಘಮಿತ್ರಾ.

"ಇವತ್ತ ಗದ್ದಲ ಐತವಾ. ನಾಳೆ ಸಮಿತಿ ಹೋಗ್ಲಿ, ಮಾತಾಡ್ತೇನಿ."

"ಹೋದ ಐತವಾರದ ಪಾಳಿಗಿಂತ ಮೊದಲೂ ಹಿಂಗ ಅಂದ್ರಿ. ಬ್ಯಾಗ್ ಕಟ್ಟೇನ್ರಿ ಸರ್. ಇವತ್ತ ನನ್ನ ಹೆಸರು ಬರಲಿಲ್ಲಂದ್ರ ಎರಡರ ಬಸ್ಸಿಗೆ ಇಂಡಿಗೆ ಹೋಗ್ತೇನಿ. ಹೊಳ್ಳಿ ಬರೂದಿಲ್ಲ."

"ಒಂದು ರೊಟ್ಟಿ ಸಲುವಾಗಿ ಎಂ.ಎ. ಬಿಡ್ತೀಯಾ?"

"ರೊಟ್ಟಿ ಸಲುವಾಗಿ ಅಲ್ರಿ" ಎಂದು ಶುರು ಮಾಡಿದವಳು, ಇವನಿಗೆ ಹೇಳಿ ಏನು ಪ್ರಯೋಜನ ಎನ್ನುವಂತೆ ಅಲ್ಲಿಗೇ ಬಿಟ್ಟು ಹಾಸ್ಟೆಲಿನ ಕಡೆ ನಡೆದಳು. ಅವಳ ಚಪ್ಪಲಿಯ ಒಂದು ಪಟ್ಟಿಗೆ ಪಿನ್ನು ಹಾಕಿದ್ದು ಕಂಡಿತು. ಅವನಿಗೆ ಸಿಟ್ಟು ಬಂತು, ಮೊದಲು ಅವಳ ಮೇಲೆಯೇ ಬಂತು. ಇಷ್ಟೆಲ್ಲ ನುಂಗಿಕೊಂಡು ನಾವು ಇಲ್ಲಿಯತನಕ ಬಂದಿಲ್ಲವೇ, ಇವಳೊಬ್ಬಳಿಗೆ ಏನು ಅವಸರ. ನಾನು ಓದುವಾಗ ಹಾಸ್ಟೆಲಿನಲ್ಲಿ ತಾಟು ಬೇರೆ ಇಡಿಸಿದ್ದರು, ತಿಂದು ತೊಳೆದು ಇಟ್ಟು ರ‍್ಯಾಂಕು ತೆಗೆದುಕೊಂಡು ಬರಲಿಲ್ಲವೇ. ಹೀಗೆ ಮನಸ್ಸಿನಲ್ಲೇ ಅವಳೊಂದಿಗೆ ವಾದ ಮಾಡುತ್ತ ಮೆಟ್ಟಿಲು ಹತ್ತುವಾಗ, ನುಂಗಿದ್ದನ್ನು ಹೆಮ್ಮೆಯಿಂದ ಲೆಕ್ಕ ಹೇಳುತ್ತಿರುವ ತನ್ನ ದನಿ ತನಗೇ ಕೇಳಿಸಿ ಹೇಸಿಗೆಯಾಯಿತು.

ಸ್ಟಾಫ್ ರೂಮಿನಲ್ಲಿ ಹನ್ನೊಂದೂವರೆಗೇ ಊಟದ ಫೋಟೊ. ಒಂದು ಗಂಟೆಗೆ ಬಿಸಿಲು ನೇರ ಬೀಳುತ್ತದೆ, ಈಗಲೇ ಬೆಳಕು ಚಲೋ ಎಂದು ಡೈರೆಕ್ಟರರ ಅಪ್ಪಣೆ. ಯಾರಿಗೂ ಹಸಿವಿರಲಿಲ್ಲ. ಕಡತದಲ್ಲಿ 'ಸಿಬ್ಬಂದಿಯ ಸಹಭೋಜನ' ಎಂಬ ಒಂದು ಪುಟ ಖಾಲಿ ಉಳಿದಿತ್ತು, ಅಲ್ಲಿಗೆ ಫೋಟೊ ಬೇಕು, ಫೋಟೊದ ಮೂಲೆಯಲ್ಲಿ ಅಕ್ಷಾಂಶ, ರೇಖಾಂಶ, ದಿನಾಂಕ, ವೇಳೆ ಎಲ್ಲ ಅಚ್ಚಾಗಿರಬೇಕು, ಇಲ್ಲದಿದ್ದರೆ ಸಮಿತಿ ಪುರಾವೆ ಎಂದು ಒಪ್ಪುವುದಿಲ್ಲ. ತೆಗೆಯುವವನು ಮುಕ್ತಾರ, ಗುತ್ತಿಗೆಯ ಮೇಲೆ ಇರುವ ಕಂಪ್ಯೂಟರ್ ಆಪರೇಟರು.

"ಮುಕ್ತಾರ, ಟೊಪಗಿ ತಂದಿಯಿಲ್ಲೋ?" ಎಂದು ಡೈರೆಕ್ಟರರು ಕೇಳಿದರು. "ನೀನೂ ಫೋಟೊದಾಗ ಬೇಕು."

"ನಾ ಟೊಪಗಿ ಹಾಕಾಂವ ಅಲ್ರಿ ಸರ್."

"ಇವತ್ತೊಂದಿನ ಹಾಕೋ ಮಾರಾಯಾ."

"ನಾ ಫೋಟೊದಾಗ ಬಂದ್ರ ತೆಗೆಯೋರು ಯಾರ್ರಿ?" ಎಂದ ಮುಕ್ತಾರ, ಮುಖದಲ್ಲಿ ಏನೂ ತೋರಿಸದೆ. ಎಲ್ಲರೂ ನಕ್ಕರು. ಡೈರೆಕ್ಟರರೂ ನಕ್ಕರು. ಅನೀಲಕುಮಾರ ಅವನ ಮುಖವನ್ನೇ ನೋಡಿದ. ಎರಡು ವರ್ಷದಿಂದ ಈ ಮನುಷ್ಯ ಒಂದು ಗಂಟೆಗೆ ಸರಿಯಾಗಿ ಏನೋ ನೆಪ ಹೇಳಿ ಪೇಟೆಗೆ ಊಟಕ್ಕೆ ಹೋಗುತ್ತಾನೆ ಎಂಬುದು ಗೊತ್ತಿದ್ದೂ, ಯಾಕೆ ಎಂದು ತಾನೂ ಕೇಳಿರಲಿಲ್ಲ.

ಡಬ್ಬಿಗಳು ಬಿಚ್ಚಿಕೊಂಡವು. "ಅನೀಲ ಅವರದು ನಟ್ಟನಡುವ ಬರ್ಲಿ" ಎಂದರು ಡೈರೆಕ್ಟರರು. "ಎಲ್ಲಾರೂ ಅವರ ಡಬ್ಬಿಗೆ ಕೈ ಹಚ್ಚರಿ. ಹಾಂ, ಹಂಗ. ಕಲ್ಮೇಶ, ನೀವೊಂದು ತುತ್ತು ಎತ್ತಿ ಹಿಡೀರಿ." ಡಬ್ಬಿ ನಡುವೆ ಬಂತು. ವಿದ್ಯಾವತಿಯ ರೊಟ್ಟಿ, ಕಾಗದದಷ್ಟು ತೆಳ್ಳಗೆ ಬಡಿದದ್ದು, ಎಳ್ಳು ಹಚ್ಚಿದ್ದು. ನಾಲ್ಕು ಕೈಗಳು ಒಮ್ಮೆಗೇ ಬಂದವು. ನಾಲ್ಕು ವರ್ಷ ದಾಟಿಕೊಂಡು ಹೋದ ಕೈಗಳು. ರೊಟ್ಟಿ ಹರಿಯುವ ಸಣ್ಣ ಸದ್ದಾಯಿತು. ಥೂ, ಆ ಕ್ಷಣ ಅವನ ಎದೆಯಲ್ಲಿ ಒಂದು ಸಂತೋಷ ಎದ್ದೇಬಿಟ್ಟಿತು, ಇವತ್ತು ವಿದ್ಯಾವತಿಗೆ ಸುಳ್ಳು ಹೇಳುವುದು ಬೇಡ ಎಂಬ ನಾಯಿಬಾಲದ ಸಂತೋಷ. ಕಲ್ಮೇಶ ತುತ್ತನ್ನು ಹಿಂಡಿಯಲ್ಲಿ ಹೊರಳಿಸಿ ಬಾಯಿಯ ಹತ್ತಿರ ಹಿಡಿದು ಹಲ್ಲು ತೋರಿಸಿದ. ಮುಕ್ತಾರ ಫೋನು ಎತ್ತಿದ. ಕ್ಲಿಕ್. "ಬಂತ್ರಿ" ಎಂದ.

ಕಲ್ಮೇಶ ಕೈ ಇಳಿಸಿದ. ತುತ್ತನ್ನು ಎಲ್ಲಿಡುವುದೆಂದು ಅರೆಗಳಿಗೆ ಸುತ್ತ ನೋಡಿದ, ಪೇಪರಿನ ಮೇಲಿಟ್ಟ, ಅದು ಸರಿಕಾಣಲಿಲ್ಲವೇನೋ, ಮತ್ತೆ ಎತ್ತಿ ಅನೀಲಕುಮಾರನ ಡಬ್ಬಿಯಲ್ಲೇ ಹಾಕಿದ. ಉಳಿದ ಮೂವರೂ ಹಾಕಿದರು. ಒಬ್ಬರು ಕೈ ತೊಳೆಯಲು ಎದ್ದರು. ನಾಲ್ಕು ಹರಿದ ಚೂರು, ಒಂದಕ್ಕೆ ಹಿಂಡಿ ಮೆತ್ತಿದ್ದು, ಉಳಿದ ರೊಟ್ಟಿಯ ಮೇಲೆ ಬಿದ್ದಿದ್ದವು.

"ತಿನ್ರಿ" ಎಂದ ಅನೀಲಕುಮಾರ. ದನಿ ಎಷ್ಟು ಸಣ್ಣಗಿತ್ತೆಂದರೆ ಮೊದಲು ಯಾರಿಗೂ ಕೇಳಿಸಲಿಲ್ಲ. "ಹರದೀರೆಲ್ಲ ಕಲ್ಮೇಶ ಸರ್. ತಿನ್ರಿ."

"ಮುಂಜಾನಿ ಉಪ್ಪಿಟ್ಟು ಜಾಸ್ತಿ ಆಗೇತ್ರಿ ಅನೀಲ ಸರ್."

"ಒಂದು ಚೂರು ಐತಿ. ನೀವ ಹರದದ್ದು."

"ಏನು ಹಟರೀ ಇದು, ಸಣ್ಣ ಹುಡುಗರಂಗ" ಎಂದ ಕಲ್ಮೇಶ ನಗುತ್ತ, ಉಳಿದವರ ಕಡೆ ನೋಡಿ. ಯಾರೂ ನಗಲಿಲ್ಲ. ಡೈರೆಕ್ಟರರು ಎದ್ದು ಬಂದು ಅನೀಲಕುಮಾರನ ಭುಜದ ಮೇಲೆ ಕೈ ಇಟ್ಟು ತಮ್ಮ ಕೋಣೆಗೆ ನಡೆಸಿಕೊಂಡು ಹೋದರು. ಅಲ್ಲಿ ಚಹಾ ಇರಲಿಲ್ಲ. ಅನೀಲಕುಮಾರ ಜೇಬಿನಿಂದ ಅರ್ಜಿ ತೆಗೆದು ಮೇಜಿನ ಮೇಲೆ ಬಿಡಿಸಿಟ್ಟ. ಬೆವರಿಗೆ ಮಡಿಕೆಗಳು ಕಂದಿದ್ದವು. ತನ್ನ ಶುಕ್ರವಾರದ ಹಾಳೆ ವಾಪಸು ಬೇಕು, ದೂರು ಒಂದು ಇದೆ ಎಂದ. ಡೈರೆಕ್ಟರರು ಓದಿದರು, ಓದಿ ನಕ್ಕರು.

"ಅಡಗಿ ಮಾಡೂದು ತಪ್ಪಿತು ಅಂತ ಯಾರರ ದೂರು ಕೊಡ್ತಾರೇನ್ರಿ ಅನೀಲ?"

ಅವನದೇ ಮಾತು. ಕರೆದ ಹೆಸರೊಂದು ಬಿಟ್ಟರೆ ಒಂದಕ್ಷರವೂ ಬದಲಾಗದೆ, ನಗು ಸಮೇತ ಎದುರಿನ ಬಾಯಿಂದ ಬಂತು. ಅವನಿಗೆ ಆ ಹುಡುಗಿ ಮೂರು ವಾರದ ಹಿಂದೆ ತನ್ನ ಮುಖದಲ್ಲಿ ಏನು ಕಂಡಿದ್ದಳೆಂದು ಈಗ ಪೂರ್ತಿ ಕಂಡಿತು. ಇದೇ ಮುಖ, ಇದೇ ಹಲ್ಲು. "ಆ ಹಾಳಿ ಶುಕ್ರವಾರನ ಅಪ್‌ಲೋಡ್ ಆಗೇತಿ. ನಿಮ್ಮ ಸಹಿ ನೀವ ಸುಳ್ಳು ಅಂತೀರೇನು? ನಿಮ್ಮ ನೌಕರಿಗೇ ಬರ್ತೈತಿ ನೋಡ್ರಿ" ಎನ್ನುತ್ತಿದ್ದರು ಡೈರೆಕ್ಟರರು, ಬೆದರಿಕೆಯೆಂದಲ್ಲ, ಹಿತವಚನವೆಂಬಂತೆ. ಅನೀಲಕುಮಾರ ಅರ್ಜಿಯನ್ನು ಎತ್ತಿಕೊಂಡು ಹೊರಗೆ ಬಂದ. ಪಡಸಾಲೆಯಲ್ಲಿ ಮುಕ್ತಾರ ಡಬ್ಬಿಯ ಚೀಲವನ್ನೂ ರಿಜಿಸ್ಟರಿನ ಚೀಲವನ್ನೂ ಹಿಡಿದು ನಿಂತಿದ್ದ, ಡಬ್ಬಿಗೆ ಮುಚ್ಚಳ ಹಾಕಿ ತಂದಿದ್ದ.

"ನಾ ಮೂರು ಫೋಟೊ ತೆಗದೇನ್ರಿ ಸರ್" ಎಂದ, ಆಚೀಚೆ ನೋಡಿ. "ಅವರು ಒಂದ ಅನ್ಕೊಂಡಾರ. ಮೂರನೇದ್ರಾಗ ಚೂರು ಹೊಳ್ಳಿ ಇಡೂದು ಬಂದೈತಿ. ನಿಮ್ಮ ಫೋನಿಗೆ ಹಾಕ್ಲೇನು?"

"ಹಾಕಪಾ."

"ನನ್ನ ಹೆಸರು ಬ್ಯಾಡ್ರಿ ಮತ್ತ" ಎಂದು ಮುಕ್ತಾರ ಒಳಗೆ ಹೋದ.

ಹಾಸ್ಟೆಲಿಗೆ ಹೋಗುವ ಕಾಲುದಾರಿಯ ಎರಡೂ ಕಡೆ ಕರಿಮಣ್ಣು ಬಿರಿದಿತ್ತು. ದೂರದಿಂದಲೇ ರೊಟ್ಟಿ ಬಡಿಯುವ ಪಟ ಪಟ ಸದ್ದು ಕೇಳುತ್ತಿತ್ತು, ಸುಟ್ಟ ಹಿಟ್ಟಿನ ವಾಸನೆ ಬರುತ್ತಿತ್ತು. ಅಡುಗೆಮನೆಯ ಹೊರಗಿನ ಮೆಟ್ಟಿಲ ಮೇಲೆ ಸಂಘಮಿತ್ರಾ ಬ್ಯಾಗು ಕಾಲ ಹತ್ತಿರ ಇಟ್ಟುಕೊಂಡು ಕೂತಿದ್ದಳು. ಬಾಗಿಲ ಪಕ್ಕದಲ್ಲಿ ಪಾಳಿಯ ಬೋರ್ಡು, ಬಿಳಿ ಸೀಮೆಸುಣ್ಣದಲ್ಲಿ ನಾಲ್ಕು ಹೆಸರು. ಅನೀಲಕುಮಾರ ರಿಜಿಸ್ಟರು ಕೈಗೆ ತೆಗೆದುಕೊಂಡು, ನಿಂತಲ್ಲೇ ದನಿ ಏರಿಸಿ ವಾರ್ಡನ್‌ಳನ್ನು ಕರೆದ. ಇಂದ್ರಾಬಾಯಿ ಸೆರಗಿಗೆ ಕೈ ಒರೆಸುತ್ತ ಬಂದಳು. ತನ್ನ ಲಂಬಾಣಿ ತಾಂಡಾದ ಹೆಸರನ್ನು ಯಾರ ಮುಂದೆಯೂ ಹೇಳದೆ ಹದಿನೈದು ವರ್ಷ ನೌಕರಿ ಮಾಡಿದ ಹೆಂಗಸು. ಗದ್ದಲವೆಂದರೆ ಅವಳಿಗೆ ಜ್ವರ.

"ಈ ಹುಡುಗಿ ಹೆಸರು ಯಾಕ ತೆಗದ್ರಿ?"

"ತೆಗದಿಲ್ರಿ ಸರ್, ರಿಯಾಯ್ತಿ ಕೊಟ್ಟೇನಿ. ಹೆಣ್ಣುಹುಡುಗಿ ಮನಸ್ಸಿಗೆ ಹಚ್ಕೊಂಡೀತು ಅಂತ ಮಾಡೇನ್ರಿ. ಇದರಾಗ ಏನು ತಪ್ಪೈತಿ?"

"ಅಕಿ ದೂರು ಕೊಟ್ಟಾಳ."

"ದೂರು ಎಲ್ಲೈತ್ರಿ?" ಇಂದ್ರಾಬಾಯಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು. ಗೋಡೆಯ ನೋಟಿಸು ಫಲಕದತ್ತ ಕೈ ಮಾಡಿದಳು, ಸಮಿತಿ ಹಾಸ್ಟೆಲಿಗೂ ಬರುತ್ತದೆಂದು ಈಗಷ್ಟೇ ಅಲ್ಲಿ ಒಂದು ಹಾಳೆ ಚುಚ್ಚಿದ್ದರು. "ನೀವ ಸಹಿ ಮಾಡೀರೆಲ್ರಿ ಸರ್, ಯಾವ ದೂರೂ ಇಲ್ಲ ಅಂತ. ಶುಕ್ರವಾರದ್ದು."

ಸಂಘಮಿತ್ರಾ ಎದ್ದು ಫಲಕದ ಮುಂದೆ ಹೋಗಿ ನಿಂತಳು. ಓದಿದಳು. ಸಹಿಯ ಹತ್ತಿರ ಮುಖ ಒಯ್ದು ಇನ್ನೊಮ್ಮೆ ಓದಿದಳು. ಒಳಗೆ ರೊಟ್ಟಿಯ ಸದ್ದು ನಿಂತಿತು, ಪಾಳಿಯ ಹುಡುಗಿಯರು ಕೂತಲ್ಲಿಂದಲೇ ಬಾಗಿಲತ್ತ ಕತ್ತು ಚಾಚಿದರು. ಅವನಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು, ಆದರೆ ಬಾಯಿ ಬಿಟ್ಟದ್ದು ತಾನೇ.

"ಸಂಘಮಿತ್ರಾ, ನೀ ಒಳಗ ಹೋಗು. ಮಾಡು. ನೀ ಮಾಡಿದ್ದನ್ನ ಎಲ್ಲಾರ ಮುಂದ ಕೂತು ನಾ ತಿಂತೇನಿ."

ಅವಳು ತಿರುಗಿದಳು. ಕಣ್ಣಲ್ಲಿ ನೀರಿರಲಿಲ್ಲ.

"ನೀವು ತಿಂದ್ರ ಏನಾತ್ರಿ ಸರ್? ನಮ್ಮವ್ವ ಮಾಡಿದ್ದು ನಮ್ಮಪ್ಪ ದಿನಾ ತಿಂತಾನ. ನೀವು ತಿನ್ನೂದು ಬ್ಯಾಡ. ನಿಮ್ಮ ಕೈಯಾಗ ಬುಕ್ ಐತೆಲ್ಲ, ಅದರಾಗ ಬರೀರಿ."

ಅವನು ಮೆಟ್ಟಿಲ ಮೇಲೆ, ಅವಳು ಎದ್ದ ಜಾಗದಲ್ಲಿ ಕೂತ. ಹಸಿರು ರಿಜಿಸ್ಟರು ತೊಡೆಯ ಮೇಲೆ ಬಿಚ್ಚಿದ. ಈ ವರ್ಷದ ಹಾಳೆಯಲ್ಲಿ ಅವನೇ ಎಳೆದ ಅಡ್ಡಗೆರೆಯಿತ್ತು, ಅದರ ಮೇಲೆ ಅವನ ಸುಂದರ ಅಕ್ಷರವಿತ್ತು. ಗೆರೆಯನ್ನು ಹೊಡೆದು ಹಾಕಿದ. ಪೆನ್ನು ಒತ್ತಿದ ರಭಸಕ್ಕೆ ಹಾಳೆ ಹರಿಯಿತು. ಕ್ರಮ ಸಂಖ್ಯೆ ಒಂದು. ಸಂಘಮಿತ್ರಾಳ ಹೆಸರು, ಅವಳು ಅರ್ಜಿ ಕೊಟ್ಟ ದಿನಾಂಕ, ಇಪ್ಪತ್ತೆರಡು ಹುಡುಗಿಯರ ಹೊಟ್ಟೆನೋವು, ಬುಟ್ಟಿಯಲ್ಲಿ ಸಂಜೆಯವರೆಗೆ ಉಳಿದ ರೊಟ್ಟಿ, ಬೋರ್ಡಿನಿಂದ ಹೋದ ಹೆಸರು. ಸಂಯೋಜಕರು ಮೂರು ವಾರ ದೂರನ್ನು ಮುಚ್ಚಿಟ್ಟು ಸುಳ್ಳು ಹೇಳಿಕೆಗೆ ಸಹಿ ಹಾಕಿದ್ದಾರೆ ಎಂಬುದನ್ನೂ ಬರೆದ. ಇಂದ್ರಾಬಾಯಿ "ಸರ್, ನಾಳೆ ಸಮಿತಿ ಬರೂದೈತ್ರಿ, ಸರ್" ಎನ್ನುತ್ತ ಬಗ್ಗಿ ನೋಡುತ್ತಿದ್ದಳು. ಬರೆದು ಮುಗಿಸಿ ಸಂಘಮಿತ್ರಾಳ ಕಡೆ ಪುಸ್ತಕ ಹಿಡಿದ. ಅವಳು ಓದಿದಳು, ಫೋನು ತೆಗೆದು ಹಾಳೆಯ ಫೋಟೊ ಹೊಡೆದುಕೊಂಡಳು. "ನಿಮ್ಮ ಮ್ಯಾಲ ಭರೋಸಾ ಇಲ್ರಿ" ಅಂದಳು. ಇರಬೇಕಾಗಿಯೂ ಇಲ್ಲ ಎಂದುಕೊಂಡ.

ಆಮೇಲೆ ಅವಳು ಬೋರ್ಡಿನ ಕೆಳಗಿದ್ದ ಸೀಮೆಸುಣ್ಣ ತೆಗೆದುಕೊಂಡು, ನಾಲ್ಕು ಹೆಸರಿನ ಕೆಳಗೆ ಐದನೆಯದಾಗಿ ತನ್ನ ಹೆಸರು ಬರೆದಳು. ಬ್ಯಾಗನ್ನು ಬಾಗಿಲಲ್ಲಿ ಬಿಟ್ಟು ಒಳಗೆ ಹೋದಳು. ಒಳಗೆ ಕೂತಿದ್ದ ಹುಡುಗಿಯರಲ್ಲಿ ಮೂವರು ಎದ್ದು ಹೊರಗೆ ಬಂದರು, ಇವನ ಪಕ್ಕದಿಂದಲೇ ಲಂಗ ಎತ್ತಿ ಹಿಡಿದುಕೊಂಡು ಹೋದರು. ಒಬ್ಬಳು ಏಳಲಿಲ್ಲ. ಏಳಬೇಕೋ ಬೇಡವೋ ಎಂದು ಗೊತ್ತಾಗದೆ, ಹಿಟ್ಟಿನ ಕೈ ಹಾಗೇ ಹಿಡಿದುಕೊಂಡು ಕೂತಿದ್ದಳು. ಕೊಡದಿಂದ ನೀರು ಸುರಿದ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಪಟ ಪಟ ಶುರುವಾಯಿತು, ಒಂದೇ ಜೋಡಿ ಕೈಯದು, ಜೋರಾಗಿ, ಯಾರನ್ನೋ ಹೊಡೆದ ಹಾಗೆ.

ಅನೀಲಕುಮಾರ ಪುಸ್ತಕ ಮುಚ್ಚಲಿಲ್ಲ. ಕ್ರಮ ಸಂಖ್ಯೆ ಎರಡು ಎಂದು ಬರೆದ. ದೂರುದಾರರು ಎಂಬಲ್ಲಿ ತನ್ನ ಪೂರ್ತಿ ಹೆಸರು ಬರೆದ, ಪಿಎಚ್.ಡಿ. ಸಮೇತ. ವಿವರದಲ್ಲಿ ಮೇಜು, ಪೇಪರು, ಎಂಟು ಡಬ್ಬಿ, ದಾಟಿಕೊಂಡು ಹೋಗುವ ಕೈ, ಒಂದು ಗೇಣು ಮೇಲಿನಿಂದ ಬೀಳುವ ಪಲ್ಯ, ಇವತ್ತಿನ ನಾಲ್ಕು ಚೂರು, ಒಂದೂ ಬಿಡದೆ ಬರೆದ. ಘಟನೆಯ ದಿನಾಂಕ ಎಂಬ ಮನೆಗೆ ಬಂದಾಗ ಪೆನ್ನು ನಿಂತಿತು. ಯಾವ ದಿನಾಂಕ ಹಾಕುವುದು? ಯೋಚಿಸಿ, 'ದಿನಾಲೂ' ಎಂದು ಬರೆದ. ಕೊನೆಯ ಮನೆ ಸಾಕ್ಷಿ. ಫೋಟೊ ಎಂದು ಬರೆದ. ಅದನ್ನು ತೆಗೆದದ್ದು ಯಾರು ಎಂದು ಕೇಳುತ್ತಾರೆ, ಹೇಳಿದರೆ ಮುಕ್ತಾರನ ಗುತ್ತಿಗೆ ನಾಳೆಯೇ ಮುಗಿಯುತ್ತದೆ. ಮತ್ಯಾರಿದ್ದಾರೆ? ಮೇಜಿನ ಸುತ್ತ ಕೂತ ಎಂಟು ಜನರಲ್ಲಿ ಯಾರ ಹೆಸರು ಬರೆಯುವುದು?

ಫೋನು ಬಂತು. ವಿದ್ಯಾವತಿ.

"ಫೋಟೊ ಆತ್ರಿ? ರೊಟ್ಟಿ ಸಾಲಿದ್ವಿಲ್ಲೋ? ಹತ್ತು ಕಡಿಮಿ ಆದುವೇನೋ ಅನ್ಕೊಂಡೆ."

"ಹತ್ತೂ ಅದಾವ" ಎಂದ.

"ಯಾಕ್ರಿ?"

"ಯಾರೂ ತಿನ್ನಲಿಲ್ಲ. ಇವತ್ತಲ್ಲ, ಎಂದೂ ತಿಂದಿಲ್ಲ. ನಾಲ್ಕು ವರ್ಷದಾಗ ಒಬ್ಬರೂ ಮುಟ್ಟಿಲ್ಲ ವಿದ್ಯಾ."

ಆ ಕಡೆ ನಲ್ಲಿಯ ನೀರು ಬೀಳುವ ಸದ್ದು ಕೇಳುತ್ತಿತ್ತು. ಅವಳು ಅದನ್ನು ನಿಲ್ಲಿಸಿದ್ದೂ ಕೇಳಿಸಿತು.

"ಮತ್ತ ಇಷ್ಟು ದಿನ ಯಾರು ತಿಂದ್ರು?"

"ನಾನ ತಿಂದೆ. ಬಸ್ಸಿನ್ಯಾಗ."

ಅಳುತ್ತಾಳೆ ಎಂದುಕೊಂಡ, ಬೈಯುತ್ತಾಳೆ ಎಂದುಕೊಂಡ, ಬೈದರೆ ಒಳ್ಳೆಯದು ಅನ್ನಿಸಿತು. ಅಡುಗೆಮನೆಯೊಳಗೆ ಈಗ ಎರಡು ಜೋಡಿ ಕೈಗಳ ಸದ್ದೋ, ಒಂದೇ ಜೋಡಿಯದೋ ಸರಿಯಾಗಿ ತಿಳಿಯುತ್ತಿರಲಿಲ್ಲ. ಎದ್ದು ನೋಡುವ ಧೈರ್ಯವೂ ಇರಲಿಲ್ಲ.

"ಇಲ್ಲಿ ಒಂದು ದೂರು ಬರಿಯಾಕತ್ತೇನಿ" ಎಂದ. "ಸಾಕ್ಷಿ ಬೇಕಂತ. ನಿನ್ನ ಹೆಸರು ಹಾಕ್ಲೇನು?"

"ಹಾಕ್ರಿ" ಎಂದಳು ವಿದ್ಯಾವತಿ. ಅವಳ ದನಿಯನ್ನು ಅವನು ಹಿಂದೆಂದೂ ಹಾಗೆ ಕೇಳಿರಲಿಲ್ಲ. "ನಾಲ್ಕು ವರ್ಷ ದಿನಾ ಎಂಟು ಬಡದಾಳ ಅಂತ ಬರೀರಿ. ನಿಮ್ಮ ಪಾಲಿನವು ನಾಲ್ಕು, ಅವರ ಪಾಲಿನವು ನಾಲ್ಕು ಅಂತ ಬರೀರಿ. ಯಾರ ಹೆಸರಿಲೆ ಬಡದೆ ಅನ್ನೂದು ನನಗ ನೆನಪೈತಿ, ಒಂದೊಂದ ಹೇಳ್ತೇನಿ."

ಅವಳು ಹೇಳತೊಡಗಿದಳು. ಅವನು ಬರೆದುಕೊಂಡ.